ಕಾರಿಗೆ ಹೊದಿಸಿದ ಕೌದಿ

ನಮ್ಮ ಮೊದಲ ಕಾರಿನ ಎಡಬಾಗಿಲನ್ನು ಒಳಗಿನಿಂದ ಹಗ್ಗ ಹಾಕಿ ಕಟ್ಟಬೇಕಾಗಿತ್ತು. ನಗಬೇಡಿ, ಬೀದರಿನ ನಮ್ಮ ಓಣಿಗೆಲ್ಲ ಇದ್ದದ್ದು ಅದೊಂದೇ ಕಾರು. ಹೈದರಾಬಾದಿಗೆ ಹೊರಟುಹೋದ ಸಾಹೇಬರೊಬ್ಬರು ಜೊತೆಗೆ ಒಯ್ಯಲು ಮನಸ್ಸಾಗದೆ ನಮ್ಮ ಪಾಲಿಗೆ ಬಿಟ್ಟುಹೋದ ಆ ಪುಟ್ಟ ಗಾಡಿ ನನಗಿಂತ ನಾಲ್ಕೇ ವರ್ಷ ಚಿಕ್ಕದು. ಅದರಲ್ಲಿ ಮೂವರು ಕೂತರೆ ನಾಲ್ಕನೆಯವರು ಉಸಿರು ಬಿಗಿಹಿಡಿಯಬೇಕು. ಮೈ ಇಷ್ಟೇ ಆದರೂ ಬಾಯಿ ಮಾತ್ರ ಬಲು ದೊಡ್ಡದು. ಬಾನೆಟ್ಟು ಗಡಗಡ ಎಂದರೆ ಬಾಗಿಲು ಕಟಕಟ ಎನ್ನುವುದು, ಕಾಲಡಿಯ ತಗಡು ಝಣಝಣ ಎನ್ನುವುದು, ಇವರೆಲ್ಲರ ಮಾತಿಗೂ ಹೂಂಗುಡುವಂತೆ ತಲೆಯ ಮೇಲಿನ ತಗಡು ಒಂದೇ ಸಮನೆ ಗುಂಯ್ ಎನ್ನುವುದು. ಅಂಥ ಗಾಡಿಯ ಬಗ್ಗೆ ಈ ವಯಸ್ಸಿನಲ್ಲೂ ನಾನು ಎದೆಯುಬ್ಬಿಸಿ ಮಾತನಾಡುತ್ತೇನೆ. ನಮ್ಮ ಮನೆಯ ಕನ್ನಡ ಶಾಲೆ ನಡೆದದ್ದು ಅದರೊಳಗೆ.

ನಮ್ಮನೆಯವರು ರಸ್ತೆ ಇಲಾಖೆಯಲ್ಲಿ ಓವರ್‌ಸಿಯರು. ಬೀದರಿನಿಂದ ಔರಾದದ ಕಡೆ ಹೋಗುವ ಕೆಂಪು ಗರಸುಮಣ್ಣಿನ ಮುರುಮು ಹಾಸಿದ ರಸ್ತೆ ಅವರ ಸುಪರ್ದಿನಲ್ಲಿತ್ತು. ಅದೇ ದಾರಿಯ ಜನವಾಡದಲ್ಲಿ ನಾನು ಶಾಲೆಯ ಟೀಚರು. ಬೆಳಿಗ್ಗೆ ನನ್ನನ್ನು ಜನವಾಡದಲ್ಲಿ ಇಳಿಸಿ ಅವರು ಮುಂದೆ ಹೋಗುವುದು, ಸಂಜೆ ಹತ್ತಿಸಿಕೊಂಡು ಮನೆಗೆ ಬರುವುದು, ಹೀಗೆ ನಡೆದಿತ್ತು ನಮ್ಮ ಸಂಸಾರರಥ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಕಚೇರಿಯ ಬೋರ್ಡು ಬದಲಾಯಿತು, ಕುರ್ಚಿಯ ಮೇಲಿನ ಸಾಹೇಬರು ಬದಲಾದರು, ಆಮೇಲೆ ಒಂದು ದಿನ ಹುಕುಂ ಬಂತು: ಕನ್ನಡ ಓದುಬರಹದ ಪರೀಕ್ಷೆಯಲ್ಲಿ ಪಾಸಾಗದವರ ನೌಕರಿ ಖಾಯಂ ಆಗುವುದಿಲ್ಲ. ಕೊಟ್ಟ ಗಡುವು ನಾಲ್ಕು ತಿಂಗಳು.

ಹುಟ್ಟಿದಾಗಿನಿಂದ ಕನ್ನಡದಲ್ಲೇ ಅತ್ತು, ಕನ್ನಡದಲ್ಲೇ ಬೈದು, ಕನ್ನಡದಲ್ಲೇ ಕನಸು ಕಂಡ ಮನುಷ್ಯನಿಗೆ ಕನ್ನಡದ ಒಂದು ಅಕ್ಷರ ಬರೆಯಲು ಬರುತ್ತಿರಲಿಲ್ಲ ಎಂದರೆ ಈಗಿನವರು ನಂಬುವುದು ಕಷ್ಟ. ಅವರ ತಪ್ಪೇನೂ ಇಲ್ಲ. ನಿಜಾಮರ ಕಾಲದ ಶಾಲೆಯಲ್ಲಿ ಅವರು ಕಲಿತದ್ದು ಉರ್ದು; ಅದನ್ನು ನೋಡಿದವರು ಕಣ್ಣಿಗೊತ್ತಿಕೊಳ್ಳುವಂತೆ ಬರೆಯುತ್ತಿದ್ದರು. ನಾನೋ ಭಾಲ್ಕಿಯ ಮಗಳು. ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಹಿರಿಯರ ಕೈಕೆಳಗೆ ಅಕ್ಷರ ತಿದ್ದಿದವಳು. ಮನೆಯಲ್ಲೇ ಟೀಚರು ಇರುವಾಗ ಚಿಂತೆ ಯಾತಕ್ಕೆ ಎನ್ನುತ್ತೀರಿ. ಗಂಡಸಿನ ಬಿಗುಮಾನ ನಿಮಗೆ ಗೊತ್ತಿಲ್ಲದ್ದೇನಲ್ಲ!

“ಮನ್ಯಾಗ ಬ್ಯಾಡ” ಎಂದರು ಅವರು. “ಹೆಣ್ತಿ ಮುಂದ ಪಾಟಿ ಹಿಡ್ಕೊಂಡು ಕುಂತ್ರ ಅವ್ವ ಏನಂತಾಳ? ಓಣ್ಯಾಗ ಇಜ್ಜತ್ ಹೋಗ್ತದ. ಕಾರ್‌ನಾಗ ಹೇಳಿಕೊಡು. ಯಾರ ಮುಂದೂ ಬಾಯಿ ಬಿಡಬ್ಯಾಡ.” ನಾನು ಮಾತು ಕೊಟ್ಟೆ.

ಹೀಗೆ ನಮ್ಮ ಸಂಚಾರಿ ಶಾಲೆ ಶುರುವಾಯಿತು. ಊರು ದಾಟುವವರೆಗೆ ಸುಮ್ಮನಿರುವುದು, ದಾಟಿದ ಮೇಲೆ ನಾನು ಒಂದನೆಯ ಇಯತ್ತೆಯ ಪುಸ್ತಕ ತೆಗೆಯುವುದು. ನಾನು ಅಕ್ಷರದ ಆಕಾರ ಹೇಳಿದರೆ ಅವರು ಸ್ಟೇರಿಂಗಿನ ಮೇಲೆ ಬೆರಳಿನಿಂದ ತಿದ್ದುವುದು, ದಾರಿಯಲ್ಲಿನ ಬೇವಿನಮರದ ಕೆಳಗೆ ಹತ್ತು ನಿಮಿಷ ನಿಲ್ಲಿಸಿ ಪಾಟಿಯ ಮೇಲೆ ಬರೆಯುವುದು. ಆದರೆ ಆ ಗದ್ದಲದಲ್ಲಿ ನನ್ನ ಮಾತು ಒಂದು ಮೊಳ ದೂರದ ಅವರ ಕಿವಿಗೆ ಮುಟ್ಟಬೇಕಾದರೆ ಗಂಟಲು ಹರಿಯುವಂತೆ ಒದರಬೇಕು. ಸಾಲದ್ದಕ್ಕೆ ನನ್ನ ಸ್ವಭಾವವೂ ಅಷ್ಟೇನು ತಂಪಿನದಲ್ಲ. “ಎಷ್ಟ್ ಸಲ ಹೇಳಬೇಕ್ರಿ ನಿಮಗ? ತಲಿಯಾಗ ಏನದ? ಮುರುಮ ತುಂಬ್ಯಾದೇನು?” ಎಂದು ನಾನು ಕೂಗಿದರೆ, “ಸಾಕ್ ಮಾಡು ಇನ್ನ, ನನಗ ಬರಲ್ಲ!” ಎಂದು ಅವರು ಕೂಗುವರು. ಹೊಲಕ್ಕೆ ಹೊರಟವರು, ಸೈಕಲ್ಲಿನವರು, ಬಸ್ಸಿಗೆ ಕಾದವರು, ಎಲ್ಲರೂ ನಿಂತು ನೋಡುವರು. ಹದಿನೈದು ದಿನಗಳೊಳಗೆ ಬೀದರಿನವರೆಗೂ ಸುದ್ದಿ ಹೋಯಿತು: ಓವರ್‌ಸಿಯರ್ ಸಾಹೇಬರ ಹೆಂಡತಿ ಗಂಡನ ಮೇಲೆ ದಿನಾಲು ರಸ್ತೆಯಲ್ಲೇ ಹಾರಿ ಬೀಳುತ್ತಾಳೆ.

ಅತ್ತೆ ಒಂದು ಸಂಜೆ ನನ್ನನ್ನು ಅಡುಗೆಮನೆಯಲ್ಲಿ ಹಿಡಿದರು. “ಯಾಕವ್ವಾ, ನನ್ನ ಮಗ ನಿನಗೇನು ಕಡಿಮಿ ಮಾಡ್ಯಾನ? ಜಗಳಗಂಟಿ ಸೊಸಿ ಅಂತ ಮಂದಿ ಬಂದು ನನಗ ಹೇಳ್ತಾರಲ್ಲ” ಎಂದರು. ಮಾತು ಕೊಟ್ಟವಳಲ್ಲವೇ, ನುಂಗಿಕೊಂಡೆ. ನಮ್ಮನೆಯವರು ಹೊರಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡೂ ಸುಮ್ಮನಿದ್ದರು. ಸುಳ್ಳೇಕೆ ಹೇಳಲಿ, ಆ ರಾತ್ರಿಯ ಊಟ ನನಗೆ ಕಹಿಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ನನ್ನ ದನಿ ಬಿದ್ದುಹೋಗಿ, ಅವರಿಗಿನ್ನೂ ಒತ್ತಕ್ಷರ ಒಂದೂ ಬರದೆ, ಪರೀಕ್ಷೆಯಲ್ಲಿ ಅವರು ಫೇಲಾಗುವುದು ಖಾತ್ರಿ ಎನ್ನಿಸಿತು. ಶಿಷ್ಯ ಫೇಲಾದರೆ ಫೇಲಾಗುವವಳು ಟೀಚರು. ಭಾಲ್ಕಿಯ ಆ ಹಿರಿಯರಿಗೆ ನಾನು ಯಾವ ಮುಖ ತೋರಿಸಲಿ?

ಕಾರಿನ ಸದ್ದಡಗಿಸುವ ದಾರಿ ತೋರಿಸಿದವರು ಪಕ್ಕದ ಮನೆಯ ಖಾದರ್ ಚಾಚಾ. ಬಿದರಿ ಕೆಲಸದಲ್ಲಿ ಕೂದಲು ಹಣ್ಣಾದವರು. ಪಾತ್ರೆಯ ಮೈಮೇಲೆ ಬಳ್ಳಿ ಕೆತ್ತುವಾಗ ಅದನ್ನು ಮೇಣ ರಾಳಗಳ ಮೆತ್ತೆಯಲ್ಲಿ ಕಚ್ಚಿಸಿ ಕೂರಿಸುತ್ತಿದ್ದರು. ಹಾಗೆ ಕೂತ ಪಾತ್ರೆಗೆ ಉಳಿಯೇಟು ಬಿದ್ದರೂ ಅದು ಕಿರುಚುವುದಿಲ್ಲ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಾರಿಸಿ ಕಿವಿಗೊಟ್ಟರು.

“ಪೂರಾ ಮುಚ್ಚೋದು ಬೇಕಾಗಿಲ್ರಿ ಸಾಬ್” ಎಂದರು. “ಬಾರಿಸ್ಕೋತ ಹೋಗ್ರಿ. ಎಲ್ಲಿ ಠಣ್ ಅಂತದ, ಅಲ್ಲಿ ನಡುವ ಒಂದು ತುಂಡು ಹಚ್ರಿ. ತಗಡಿಗಿ ಮೈಭಾರ ಸಿಕ್ರ ಸುಮ್ನಾಗ್ತದ. ಅದಕ್ಕ ಬೇರೆ ಇಲಾಜ್ ಇಲ್ರಿ.”

ಆ ಭಾನುವಾರ ಅಂಗಳದಲ್ಲಿ ಕಾರಿನ ಸೀಟುಗಳನ್ನು ಕಿತ್ತಿಟ್ಟೆವು. ಇಲಾಖೆಯ ಡಾಂಬರಿನ ಪೀಪಾಯಿಗಳು ನಮ್ಮನೆಯವರ ಕೈಕೆಳಗೇ ಇದ್ದವು. ಅವುಗಳಿಂದ ಒಂದು ತೊಟ್ಟನ್ನೂ ಅವರು ಮುಟ್ಟಲಿಲ್ಲ, ಪೇಟೆಯಿಂದ ಒಂದು ಸಣ್ಣ ಡಬ್ಬಿ ತಂದರು. ಇದನ್ನು ಹೇಳುವಾಗ ನನ್ನ ದನಿ ತುಸು ಏರಿದರೆ ಕ್ಷಮಿಸಿ. ಮೂರು ಕಲ್ಲಿನ ಒಲೆಯ ಮೇಲೆ ಡಾಂಬರು ಕಾಯಿಸಿ, ತೊಗರಿಯ ಹಳೆಯ ಗೋಣಿಚೀಲಗಳನ್ನು ಕತ್ತರಿಸಿ ಅದರಲ್ಲಿ ಅದ್ದಿ, ತಿಕ್ಕಿ ತೊಳೆದು ಒಣಗಿಸಿದ ತಗಡಿಗೆ ಹಚ್ಚಿದೆವು. ಕೈಗೆ ಬಟ್ಟೆ ಸುತ್ತಿಕೊಂಡು ನಾನು ಆ ತುಂಡುಗಳನ್ನು ಜೋಳದ ರೊಟ್ಟಿ ಬಡಿದಂತೆ ಬಡಿದು ಕೂರಿಸಿದೆ. ಸೈಕಲ್ಲಿನ ಹಳೆಯ ಟ್ಯೂಬು ಸೀಳಿ ಬಾಗಿಲಿನ ಅಂಚಿಗೆ ಅಂಟಿಸಿದ ಮೇಲೆ ಹಗ್ಗದ ಕೆಲಸ ಮುಗಿಯಿತು. ಉಳಿದದ್ದು ತಲೆಯ ಮೇಲಿನ ತಗಡು. ಅಲ್ಲಿಗೆ ಡಾಂಬರು ಹಚ್ಚಿದರೆ ಬಿಸಿಲಿಗೆ ಕರಗಿ ನೆತ್ತಿಯ ಮೇಲೆಯೇ ಇಳಿಯುತ್ತದೆ. ಅದಕ್ಕೆ ಕೌದಿಯೇ ಸರಿ ಎಂದುಕೊಂಡೆವು. ಕಾರಿನ ಸೆಕೆ ತಡೆಯಲಾಗುವುದಿಲ್ಲ ಎಂದು ಅತ್ತೆಗೆ ನೆಪ ಹೇಳಿದೆವು. ಪಾಪ, ಅವರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ದಿನಗಳಲ್ಲಿ ಒತ್ತೊತ್ತಾದ ಹೊಲಿಗೆಯ ಕೌದಿ ಹೊಲಿದುಕೊಟ್ಟರು. ಕಟ್ಟಿಗೆಯ ಪಟ್ಟಿ ಹೊಡೆದು ಅದನ್ನು ಸೂರಿಗೆ ಬಿಗಿದೆವು.

ಮರುದಿನ ಬೆಳಿಗ್ಗೆ ಊರು ದಾಟಿದ ಮೇಲೆ ನಾನು ಅಭ್ಯಾಸಬಲದಿಂದ ಒಂದು ವಾಕ್ಯವನ್ನು ಒದರಿದೆ. ಅವರು ಬೆಚ್ಚಿಬಿದ್ದು, “ಯಾಕ ಒದರ್ತಿ? ಕೇಳಸ್ತದ” ಎಂದರು. ಇಂಜಿನ್ನಿನ ಸದ್ದೇನೋ ಇತ್ತು, ಆದರೆ ಅದು ಪಕ್ಕದ ಮನೆಗೆ ಸರಿದಂತಿತ್ತು. ಸದ್ದಿನ ವಿಷಯದಲ್ಲಿ ನಾನು ಬಹಳ ಯೋಚಿಸಿದ್ದೇನೆ. ಮನುಷ್ಯ ಜೋರಾಗಿ ಮಾತನಾಡಿದರೆ ಸಿಟ್ಟು ಬಂದಿದೆ ಎಂದು ನಾವು ತಿಳಿಯುತ್ತೇವೆ. ಜೋರಾಗಿ ಮಾತನಾಡುತ್ತ ಹೋದರೆ ಇಲ್ಲದ ಸಿಟ್ಟೂ ಬರುತ್ತದೆ ಎನ್ನುವುದು ನನ್ನ ಅನುಭವ. ತಗಡು ಸುಮ್ಮನಾದ ಮೇಲೆಯೇ ನನಗೆ ತಿಳಿದದ್ದು, ನನ್ನ ಸಿಟ್ಟಿನಲ್ಲಿ ಅರ್ಧ ನನ್ನದಾಗಿರದೆ ಕಾರಿನದಾಗಿತ್ತು. ತಪ್ಪು ಓದಿದರೆ ಈಗ “ಇನ್ನೊಮ್ಮೆ ಹೇಳ್ರಿ” ಎಂದರೆ ಸಾಕು, ಅವರು ತಿದ್ದಿಕೊಳ್ಳುವರು. ಎರಡು ತಿಂಗಳಲ್ಲಿ ಒತ್ತಕ್ಷರ ಮುಗಿಸಿ, ಮೈಲಿಗಲ್ಲು ಅಂಗಡಿಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಗಾಡಿ ನಡೆಸತೊಡಗಿದರು. ನನಗೆ ಆದ ಹೆಮ್ಮೆಯನ್ನು ಏನೆಂದು ಹೇಳಲಿ!

ಆದರೆ ನಾವೊಂದು ತಪ್ಪು ಮಾಡಿದ್ದೆವು. ನಮ್ಮ ಕಡೆ ಕೌದಿಯನ್ನು ಖಾಲಿಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಕೊನೆಯ ಮೂಲೆ ಹೊಲಿಯುವ ಮುನ್ನ ಒಂದು ತುತ್ತು ಒಳಗಿಟ್ಟೇ ಹೊಲಿಯಬೇಕು, ಹೊದ್ದವರ ಹೊಟ್ಟೆ ತಣ್ಣಗಿರಲಿ ಎಂದು. ಹೊದೆಯುವುದು ಕಾರೇ ಆದರೂ ಪದ್ಧತಿ ಪದ್ಧತಿಯೇ; ಅತ್ತೆ ಧಾರಾಳವಾಗಿ ಹೋಳಿಗೆಯ ತುಂಡನ್ನೇ ಇಟ್ಟಿದ್ದರು. ನಾನು ಕಂಡೂ ಬೇಡವೆನ್ನಲಿಲ್ಲ, ನನ್ನ ತವರಿನಲ್ಲೂ ಅದೇ ರೂಢಿ. ಪರೀಕ್ಷೆಗೆ ಮೂರು ವಾರವಿರುವಾಗ ಇಲಿಗಳಿಗೆ ಅದರ ವಾಸನೆ ಹತ್ತಿತು. ಒಂದು ಬೆಳಿಗ್ಗೆ ನೋಡಿದರೆ ಕೌದಿ ಚಿಂದಿಚಿಂದಿಯಾಗಿ ಜೋತುಬಿದ್ದಿತ್ತು, ತಲೆಯ ಮೇಲಿನ ತಗಡು ಮತ್ತೆ ಗುಂಯ್ ಎನ್ನತೊಡಗಿತ್ತು.

“ನಾನೇ ಇಟ್ಟೇನಿ, ನಾನೇ ಹೊಲಿತೇನಿ” ಎಂದು ಅತ್ತೆ ಸೂಜಿದಾರ ಹಿಡಿದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. “ನೀವು ನಡೀರಿ. ಹೋಗಿ ಬರೋದ್ರಾಗ ಮುಗಸ್ತೇನಿ.” ಬೇಡವೆಂದರೆ ಕೇಳುವ ಜೀವವಲ್ಲ.

ಊರು ದಾಟಿದೆವು. ನಮ್ಮನೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಂದು ದಿನ ಪಾಠ ತಪ್ಪಿದರೆ ಒಂದು ದಿನ ಹೋದಂತೆಯೇ. ಧೈರ್ಯ ಮಾಡಿ ಪುಸ್ತಕ ತೆಗೆದು, ಸೂರಿನ ಸದ್ದನ್ನು ಮೀರಿಸಿ, “ನಿನ್ನಿ ಪಾಠ ಹೇಳ್ರಿ” ಎಂದೆ. ಅವರ ಕಿವಿ ಕೆಂಪಾಯಿತು. ಆದರೂ ಶುರುಮಾಡಿದರು, ಎರಡು ಕಡೆ ತಪ್ಪಿದರು, ನಾನು ತಿದ್ದಿದೆ. ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಸೂಜಿ ನಿಂತಿತ್ತು.

“ಶಿವರಾಯಾ, ಗಾಡಿ ನಿಲ್ಲಸು” ಎಂದರು ಅತ್ತೆ. ಗಾಡಿ ನಿಂತಿತು. “ಇಷ್ಟು ದಿನ ದಾರಿಯಾಗ ಒದರಾಡಿದ್ದು ಇದಕ್ಕೇನೋ?”

“ಹೂಂ ಅವ್ವಾ.”

“ನನ್ನ ಸೊಸಿ ಊರ ಮಕ್ಕಳಿಗೆಲ್ಲಾ ಕಲಸ್ತಾಳ. ನನ್ನ ಮಗಗ ಕಲಸಿದ್ರ ಯಾರ ಗಂಟು ಹೋಗ್ತದೋ? ನಾ ಈಕೀಗಿ ಜಗಳಗಂಟಿ ಅಂದೇನಿ, ಮಂದಿ ಅಂದಾರ. ನೀ ಎಲ್ಲಾ ಕೇಳ್ಕೋತ ಬಾಯಿ ಮುಚ್ಕೊಂಡು ಕುಂತಿಯಲ್ಲ! ಗಂಡಸೇನೋ ನೀ?”

ಅವರು ಸ್ಟೇರಿಂಗ್ ಹಿಡಿದು ತಲೆ ತಗ್ಗಿಸಿ ಕೂತರು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು, “ಮುಂದ ಹೇಳವ್ವಾ” ಎಂದಷ್ಟೇ ಅಂದರು. ನನ್ನ ಕಣ್ಣು ತುಂಬಿ ಪುಸ್ತಕದ ಅಕ್ಷರಗಳು ಕಾಣದಾದವು. ಕೌದಿಯ ಹೊಲಿಗೆ ಅಂದೇ ಮುಗಿಯಿತು; ಅಂದು ಸಂಜೆಯಿಂದ ಪಾಠ ಮನೆಯ ಪಡಸಾಲೆಯಲ್ಲೇ ನಡೆಯಿತು, ಬಾಗಿಲು ತೆರೆದಿಟ್ಟುಕೊಂಡು.

ಪರೀಕ್ಷೆಯ ದಿನ ನಾನು ಶಾಲೆಯಲ್ಲಿದ್ದೆ. ಮಗ್ಗಿ ಹೇಳಿಸುತ್ತಿದ್ದೆನೇ ಹೊರತು ಚಿತ್ತವೆಲ್ಲ ಬೀದರಿನ ಕಚೇರಿಯಲ್ಲಿ. ಮಧ್ಯಾಹ್ನ ಕಾರು ಶಾಲೆಯ ಮುಂದೆ ಬಂದು ನಿಂತದ್ದು, ನೋಡಿ, ಅವರು ಬಾಗಿಲಿಗೆ ಬರುವವರೆಗೂ ನನಗೆ ಕೇಳಿಸಲೇ ಇಲ್ಲ.

“ಅಲ್ಲೇ ತಿದ್ದಿದ್ರು. ಪಾಸ್” ಎಂದರು. “ಹೊಸ ಸಾಹೇಬ್ರು ಕೇಳಿದ್ರು, ನಾಕ ತಿಂಗಳದಾಗ ಹಿಂಗ ಬರಿಲಾಕ ಯಾರು ಕಲಿಸಿದ್ರು ನಿಮಗ ಅಂತ.”

ಆ ಕಚೇರಿಯಲ್ಲಿ ಗುಮಾಸ್ತರು, ಗುತ್ತೇದಾರರು, ನಮ್ಮನೆಯವರ ಕೈಕೆಳಗಿನ ಕೂಲಿಮೇಸ್ತ್ರಿ ಮುಕಾದಮರು ತುಂಬಿರುತ್ತಾರೆಂದು ನನಗೆ ಗೊತ್ತು. “ಏನಂದ್ರಿ?” ಎಂದೆ.

“ನಿನ್ನ ಹೆಸರು ಹೇಳಿದೆ.”

ಗಂಡ ಹೆಂಡತಿಯ ಹೆಸರು ಹೇಳುವ ರೂಢಿ ನಮ್ಮಲ್ಲಿರಲಿಲ್ಲ. ಮದುವೆಯಾಗಿ ಐದು ವರ್ಷ, ಅವರ ಬಾಯಲ್ಲಿ ನಾನು ಬರೀ ‘ಕೇಳಿತೇನು’ ಆಗಿದ್ದೆ. “ಯಾರಿಗೂ ಕೇಳಸದಂಗ ಸಣ್ಣಗ ಹೇಳಿರಬೇಕು” ಎಂದು ಚುಚ್ಚಿದೆ.

“ಸಣ್ಣಗೇ ಹೇಳಿದ್ದೆ, ಖರೇ” ಎಂದರು ಅವರು. “ಸಾಹೇಬ್ರು ಕೇಳಸಲಿಲ್ಲ ಅಂದ್ರು. ಎದ್ದು ನಿಂತು ಎರಡನೇ ಸಲ ಒದರಿದೆ, ಹೊರಗಿನ ಜವಾನ ಒಳಗ ಓಡಿ ಬಂದ. ನೀಲಮ್ಮ. ಜನವಾಡ ಸಾಲಿ ಟೀಚರ್. ನನ್ನ ಹೆಣ್ತಿ ಅಂತ.”

ನನ್ನ ಹಿಂದೆ ಮಕ್ಕಳ ಮಗ್ಗಿ ನಿಂತುಹೋಗಿತ್ತು. ನನ್ನ ಹೆಸರು ಅವರ ದನಿಯಲ್ಲಿ ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ಇನ್ನೊಮ್ಮೆ ಹೇಳ್ರಿ” ಎಂದೆ.