ಗಂಗಮ್ಮ ವಾಪಸ್ ಕೊಟ್ಟ ಅರ್ಜಿ

ಕಳೆದ ವಾರ ನನ್ನ ಅರ್ಜಿಯೊಂದು ತಿರಸ್ಕೃತವಾಯಿತು. ಯಾವ ಕಚೇರಿಯಲ್ಲೂ ಅಲ್ಲ, ಬಾದನಹಟ್ಟಿಯ ಒಂದು ಮನೆಯ ಕಟ್ಟೆಯ ಮೇಲೆ. ತಿರಸ್ಕರಿಸಿದವಳು ಗಂಗಮ್ಮ. ಓದು ಬರಹ ಬಾರದ ಹೆಂಗಸು.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. (ಈ ಅಂಕಣದಲ್ಲಿ ಎಷ್ಟು ಸಲ ಹೇಳಿಕೊಂಡಿಲ್ಲ!) ಅದರ ಬಲದಲ್ಲೇ ಸಿರುಗುಪ್ಪ, ಕುರುಗೋಡಿನ ಕಚೇರಿಗಳ ಮುಂದೆ ನಲವತ್ತು ವರ್ಷ ಕೂತು ಜನರ ಅರ್ಜಿ ಬರೆದೆ. ಕೊಳಾಯಿಗೆ, ರಸ್ತೆಗೆ, ಊರ ಬಾಗಿಲ ಕಮಾನಿಗೆ. ಕಮಾನು ಕೂಡ ಮಂಜೂರಾಯಿತು. ಯಾಕೆ? ಕೇಳಿದ್ದೆವು, ಅದಕ್ಕೆ.

ನಾಲ್ಕು ವರ್ಷದ ಹಿಂದೆ ಗಂಗಮ್ಮ ನನ್ನ ಮೇಜಿನ ಮುಂದೆ ನಿಂತಿದ್ದಳು. ಗಂಡ ಹನುಮಂತಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡು ತಿಂಗಳಾಗಿತ್ತು.

“ಈ ರೋಗಕ್ಕ ಇನ್ನಾ ಸರಿಯಾದ ಔಷಧ ಸಿಕ್ಕಿಲ್ಲಂತ್ರಿ. ಹುಡುಕಾಕ ಸರ್ಕಾರ ರೊಕ್ಕ ಹಾಕಬೇಕಂತ. ಡಾಕ್ಟ್ರು ಹೇಳಿದ್ರು. ಹಂಗಂತ ಒಂದು ಅರ್ಜಿ ಬರ್ದು ಕೊಡ್ರಿ ರೈಟ್ರೇ.”

“ನಿನ್ನ ಗಂಡ ಬೀಡಿ ಸೇದತಿದ್ನೇನು?”

“ಸೇದತಿದ್ರು.”

“ಮತ್ತ? ಹೊಗಿ ಬಿಟ್ಟಾವ ಅವ, ರೊಕ್ಕ ಹಾಕಾದು ಸರ್ಕಾರ?”

ಸುತ್ತ ನಿಂತವರು ನಕ್ಕರು. ಆ ನಗುವಿನ ರುಚಿಗೆ ಇನ್ನೊಂದು ಮಾತು ಸೇರಿಸಿದೆ. “ವಿಧವಾ ಪಿಂಚಣಿ ಕೇಳವ್ವ. ಸಿಗೋದನ್ನ ಕೇಳಬೇಕು.”

ಆಕೆ ಏನೂ ಬರೆಸದೆ ಹೋದಳು.

ಆಮೇಲೆ ನನ್ನ ಹೆಂಡತಿ ಸರೋಜ ಕೆಮ್ಮತೊಡಗಿದಳು. ಆಗ ನಾವು ಬಳ್ಳಾರಿಯ ಗಾಂಧಿನಗರಕ್ಕೆ ಬಂದಿದ್ದೆವು. ಈ ಊರಿನ ಧೂಳಿಗೆ ಯಾರು ಕೆಮ್ಮುವುದಿಲ್ಲ ಎಂದು ಸಿರಪ್ ತಂದುಕೊಟ್ಟೆ. ಒಂದು ಬಾಟಲಿ, ಎರಡು ಬಾಟಲಿ, ಆರು ತಿಂಗಳು. ಸ್ಕ್ಯಾನ್ ಮಾಡಿಸಿದಾಗ ಅದೇ ರೋಗ. ಬೀಡಿಯ ವಾಸನೆಗೇ ಸೆರಗಿನಿಂದ ಮೂಗು ಮುಚ್ಚುತ್ತಿದ್ದವಳಿಗೆ!

ನೆಂಟರು ಫೋನ್ ಮಾಡಿದರೆ ನಿಮೋನಿಯಾ ಎಂದೆ. ನಿಜ ಹೇಳಿದರೆ ಮುಂದಿನ ಪ್ರಶ್ನೆ ಯಾವುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ನನ್ನದೇ ಪ್ರಶ್ನೆ.

ಒಂದು ದಿನ ಸರೋಜ ಮಲಗಿದಲ್ಲಿಂದಲೇ ಕೇಳಿದಳು. “ನಾ ಏನು ತಪ್ಪು ಮಾಡೀನಂತ ಮುಚ್ಚಿಡತೀರಿ?”

ಈಗ ಉತ್ತರ ಕೊಡೋಣವೆಂದರೆ ಅವಳಿಲ್ಲ.

ಅವಳು ಹೋದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: “ಈ ರೋಗ ಬಂದೋರು ಬೇಗ ಹೋಗಿಬಿಡ್ತಾರ. ಮನೆಯವರು ನಾಚಿಕೊಂಡು ಸುಮ್ಮನಾಗ್ತಾರ. ಸಂಶೋಧನೆಗೆ ದುಡ್ಡು ಕೊಡ್ರಿ ಅಂತ ಕೇಳೋರು ಯಾರು ಉಳದ್ರು ಹೇಳ್ರಿ?”

ಕೇಳುವುದೇ ನನ್ನ ಕಸುಬಾಗಿತ್ತಲ್ಲ! ಆರೋಗ್ಯ ಸಚಿವರಿಗೆ ಅರ್ಜಿ ಬರೆದೆ. ಮೊದಲ ಸಹಿಗೆ ಗಂಗಮ್ಮನ ಮನೆಗೇ ಹೋದೆ. ಆಕೆ ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಓದಿದೆ. ‘ಯಾವುದೇ ದುಶ್ಚಟವಿಲ್ಲದ ನನ್ನ ಧರ್ಮಪತ್ನಿಯು...’

“ನಿಲ್ಲಸ್ರಿ. ಹಂಗಂದ್ರ ನಿಮ್ಮಾಕಿ ಸಾಯಬಾರದಿತ್ತು, ನಮ್ಮವರು ಸತ್ತಿದ್ದು ಬರೋಬ್ಬರಿ. ಹೌದಿಲ್ರಿ?”

“ಅರ್ಜಿ ಅಂದ್ರ ಹಂಗ ಬರೀತಾರವ್ವ.”

“ಔಷಧಕ್ಕೂ ನಡತಿ ಸರ್ಟಿಫಿಕೇಟ್ ಬೇಕೇನ್ರಿ? ಅವತ್ತು ನಮ್ಮವರಿಗೆ ಬರೀಲಿಲ್ಲ. ನಿಮ್ಮ ಮನಿಗೆ ಬಂತು, ಈಗ ಬರ್ದೀರಿ. ಅದರಾಗೂ ನಮ್ಮವರನ್ನ ಹೊರಗ ನಿಲ್ಲಿಸೀರಿ. ಒಯ್ಯಿರಿ ಇದನ್ನ.”

ಕಾಗದ ನನ್ನ ಕೈಗೇ ಬಂತು, ಅವಳ ಬೆರಳಿನ ಮೆಣಸಿನ ಘಾಟಿನೊಂದಿಗೆ. ಬಸ್ಸಿನಲ್ಲಿ ಅದನ್ನು ಬಿಡಿಸಿ ಮತ್ತೆ ಓದುತ್ತ ಕೆಮ್ಮಿದೆ. ಪಕ್ಕದಲ್ಲಿ ಕೂತವನು ಅಂದ, “ಬೀಡಿ ಕಮ್ಮಿ ಮಾಡಜ್ಜ.”

ನಾನು ಬೀಡಿ ಸೇದುವವನಲ್ಲ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಸೇದುವವನಾಗಿದ್ದರೆ ಏನಾಗುತ್ತಿತ್ತು? ಕೆಮ್ಮಿಗೆ ಮದ್ದು ಬೇಡವೇ?

ಹೊಸ ಅರ್ಜಿ ಬರೆದಿದ್ದೇನೆ. ಮೊದಲ ಹೆಸರು ಹನುಮಂತಪ್ಪ, ಹಮಾಲಿ, ಬೀಡಿ ಸೇದುತ್ತಿದ್ದರು. ಎರಡನೆಯದು ಸರೋಜ. ದುಶ್ಚಟದ ಸಾಲು ಹೊಡೆದುಹಾಕಿದೆ. ನಾಡಿದ್ದು ಬಾದನಹಟ್ಟಿಗೆ ಹೋಗುತ್ತೇನೆ. ಗಂಗಮ್ಮ ಹೆಬ್ಬೆಟ್ಟು ಒತ್ತುತ್ತಾಳೋ ಇಲ್ಲವೋ ಗೊತ್ತಿಲ್ಲ. ಒತ್ತಲಿಲ್ಲವೆಂದರೆ ದೂರಲು ನನಗೆ ಬಾಯಿಲ್ಲ.

ಕೆಳಗೆ ಜಾಗ ಬೇಕಾದಷ್ಟು ಬಿಟ್ಟಿದ್ದೇನೆ. ನಿಮ್ಮ ಮನೆಯವರ ಹೆಸರು ಬರೆದುಕೊಳ್ಳಲೇ, ಇಲ್ಲ ನೀವೂ ನಿಮೋನಿಯಾ ಅನ್ನುತ್ತೀರೋ?