ತಾಳಿ ಬಿಚ್ಚುವ ಮೊದಲು

ಚಿಂಚೋಳಿಯ ಆಸ್ಪತ್ರೆ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ಯಾನ್ಸರ್ ತಪಾಸಣೆ ವ್ಯಾನಿನೊಳಗೆ ತಂತ್ರಜ್ಞೆ ಜಗದೇವಿ ಸ್ತನದ ಎಕ್ಸ್-ರೇ ಯಂತ್ರದ ಮೇಲೆ ದಪ್ಪನೆಯ ಅಕ್ರಿಲಿಕ್ ಹಲಗೆ ಇಡುತ್ತಾರೆ. ಹೆಂಗಸಿನ ಎದೆಯ ಬದಲಿಗೆ ಸದ್ಯಕ್ಕೆ ಅದೇ. ಕಿರಣ ಅಳೆಯುವ ಮೀಟರು ಎರಡಿವೆ: ಗಾಳಿ ತುಂಬಿದ ಹಳೆಯ ಡಬ್ಬಿ ಒಂದು, ಬೆರಳಗಲದ ಹೊಸ ಚಿಪ್ ಇನ್ನೊಂದು. ಒಂದನ್ನಿಟ್ಟು ಗುಂಡಿ ಒತ್ತುತ್ತಾರೆ. ಅದನ್ನು ತೆಗೆದು ಅದೇ ಜಾಗಕ್ಕೆ ಇನ್ನೊಂದನ್ನಿಡುತ್ತಾರೆ.

"ಇವತ್ತರ ಸವತೇರು ಕೂಡ್ಯಾರೇನ್ರಿ ಅಕ್ಕೋರೆ?" ಹೊರಗಿನಿಂದ ಡ್ರೈವರ್ ಕಲೀಮ್ ಕೂಗುತ್ತಾನೆ. ಒಂದಕ್ಕೊಂದು ಹೊಂದದ ಆ ಎರಡು ಮೀಟರಿಗೆ ಅವನಿಟ್ಟ ಹೆಸರು ಸವತಿಯರು.

"ಕೂಡ್ಯಾರ. ನೀ ಮೊದಲು ಚಾ ತಗೊಂಡ ಬಾ."

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಜಗದೇವಿ, ಮಕ್ಕಳು ಏಳುವ ಮೊದಲೇ ರೊಟ್ಟಿ ಬಡಿದಿಟ್ಟು ವ್ಯಾನು ಹತ್ತುವವರು. ಇವತ್ತು ಚಿಂಚೋಳಿ, ನಾಳೆ ಸೇಡಂ, ಆಮೇಲೆ ಚಿತ್ತಾಪುರ, ಶಹಾಬಾದ. "ಕಿರಣ ಕಮ್ಮಿ ಬಿದ್ರ ಗಂಟು ಕಾಣಂಗಿಲ್ಲ. ಜಾಸ್ತಿ ಬಿದ್ರ ನಾವೇ ರೋಗ ಹಚ್ಚಿದಂಗ. ಅದಕ್ಕ ಎರಡೂ ಇಟ್ಟು ನೋಡಬೇಕ್ರಿ."

ಹೋದ ಮಳೆಗಾಲದಲ್ಲಿ, ಇದೇ ಅಂಗಳದಲ್ಲಿ, ಸಾಲು ಉದ್ದವಿತ್ತು. ಹೊತ್ತು ಉಳಿಯಲಿ ಎಂದು ಜಗದೇವಿ ಒಂದು ಕಡೆ ಅಳೆಯುತ್ತಲೇ ಇನ್ನೊಂದು ಕಡೆ ಹೆಂಗಸರಿಗೆ ಮೈಮೇಲಿನ ಒಡವೆ ತೆಗೆದು ತಯಾರಾಗಲು ಹೇಳಿದರು. ಗುಡ್ಡದ ಕಡೆಯ ಹಳ್ಳಿಯ ಮಾಳಮ್ಮನ ಎದೆಯಲ್ಲಿ ಗಂಟು ಕೈಗೆ ಸಿಗುತ್ತಿತ್ತು. ಗಂಡ ಬದುಕಿರುವಾಗ ಕೊರಳ ತಾಳಿ ತೆಗೆಯುವುದುಂಟೆ? ಕಾಡಿ ಬೇಡಿದ ಮೇಲೆ ಬಿಚ್ಚಿ ಅತ್ತೆಯ ಅಂಗೈಯಲ್ಲಿಟ್ಟಳು. ಅಷ್ಟರಲ್ಲಿ ಹೊಸ ಮೀಟರು ಹಳೆಯದಕ್ಕಿಂತ ಹೆಚ್ಚು ತೋರಿಸಿತು. ಸಂಶಯ ಬಂದರೆ ಯಂತ್ರ ಬಂದ್. ಎಲ್ಲರನ್ನೂ ಹಿಂದೆ ಕಳಿಸಬೇಕಾಯಿತು.

ಮರುದಿನ ಬಂದ ಇಂಜಿನಿಯರು ನೋಡಿದರೆ ಯಂತ್ರದ ತಪ್ಪೇನೂ ಇಲ್ಲ. ಸ್ತನದ ಎಕ್ಸ್-ರೇಯ ಮೆದು ಕಿರಣಕ್ಕೆ ಹೊಸ ಮೀಟರನ್ನು ಹೊಂದಿಸಿಯೇ ಇರಲಿಲ್ಲ.

ಮುಂದಿನ ಶಿಬಿರಕ್ಕೆ ಉಳಿದವರೆಲ್ಲ ಬಂದರು, ಮಾಳಮ್ಮ ಬರಲಿಲ್ಲ. ಜಗದೇವಿ ಮನೆತನಕ ಹೋದರು.

"ನನ್ನ ಗಂಡನ ಆಯುಷ್ಯ ಅದ ಅದು. ನೀವು ಅಂದಾಗ ಬಿಚ್ಚಿ, ನೀವು ಅಂದಾಗ ಕಟ್ಟಲಿಕ್ಕ ಅದೇನು ದನದ ಹಗ್ಗ ಏನ್ರಿ?" ಎಂದಳು ಮಾಳಮ್ಮ. ಮತ್ತೆ ತಾನೇ, "ಕುಂದ್ರಿ, ಚಾ ಕುಡ್ದು ಹೋಗ್ರಿ," ಎಂದಳು. ಗಂಟಿನ ಮಾತು ಮಾತ್ರ ಎತ್ತಗೊಡಲಿಲ್ಲ.

"ಮಿಷನ್ ನಿಲ್ಲಿಸಿದ್ದಕ್ಕ ಬ್ಯಾಸರಿಲ್ರಿ, ಸಂಶಯ ಬಂದ್ರ ಇವತ್ತೂ ನಿಲ್ಲಸ್ತೀನಿ," ಎನ್ನುತ್ತಾರೆ ಜಗದೇವಿ. "ಅಳೆಯೋದು ಮುಗಿಯೋಕಿಂತ ಮೊದಲ ಆಕಿ ಕೊಳ್ಳಾಗಿಂದು ತಗಸಿದೆನಲ್ಲ, ಅದು ಭಾಳ ಕಚ್ಚತದ. ಆ ಗಂಟು ಈಗ ಎಷ್ಟು ಆಗ್ಯಾದೋ."

ಈಗ ಎರಡು ಮೀಟರೂ ಒಂದೇ ಮಾತು ಹೇಳುವ ತನಕ ಯಾರ ಕೈಯೂ ಕೊರಳಿಗೆ ಹೋಗುವಂತಿಲ್ಲ. ಜಗದೇವಿ ಅಕ್ರಿಲಿಕ್ ಹಲಗೆ ಒರೆಸಿಟ್ಟು ವ್ಯಾನಿನ ಬಾಗಿಲು ತೆರೆಯುತ್ತಾರೆ. ಸಾಲಿನ ಮುಖಗಳನ್ನು ಕೊನೆಯತನಕ ನೋಡುತ್ತಾರೆ. ಮಾಳಮ್ಮ ಇಲ್ಲ.

"ಒಂದು ಸಲ ಬರ್ಲಿ ಸಾಕ್ರಿ. ಬಾಗಿಲದಾಗ ನಿಂತು ಹೇಳ್ತೀನಿ: ಯವ್ವಾ, ಮಿಷನ್ ತಯಾರದ. ಈಗ ಬಿಚ್ಚು."