ಬೀಗರ ಮುಂದೆ ಬಂದ ಡೈಪರ್ ಆಫರ್

೧೯೯೪ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮನೆ ಕಟ್ಟುವ ಗೌಂಡಿ ಕೆಲಸ ಹಿಡಿದ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಹೋದ ವರ್ಷ ವಿಜಯಪುರದ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲು ಹಾಕುವ ಹುಡುಗಿ ನನ್ನ ಪಾಯಿಂಟ್ ಕಾರ್ಡಿನ ಮೊಬೈಲ್ ನಂಬರ್ ಒತ್ತಿ, ಎಲ್ಲರಿಗೂ ಕೇಳುವಂತೆ ಅಂದಳು: "ಕಾಕಾ, ನೀವು ತಿಂಗಳಾ ಒಯ್ಯೂ ದೊಡ್ಡವರ ಡೈಪರ್ ಮ್ಯಾಲ ಇವತ್ತ ಆಫರ್ ಐತ್ರಿ. ಹಾಕ್ಲೇನ್ರಿ?"

ನನ್ನ ಮಗನಿಗೆ ತಮ್ಮ ಮಗಳನ್ನು ಕೊಡುವ ಮೊದಲು ಮನೆತನ ನೋಡಲೆಂದು ಬಬಲೇಶ್ವರದಿಂದ ಬಂದಿದ್ದ ಹಿರಿಯರೊಬ್ಬರು ಅಲ್ಲಿಗೂ ನನ್ನ ಜೊತೆ ಬಂದು ಪಕ್ಕದಲ್ಲೇ ನಿಂತಿದ್ದರು. "ಮನ್ಯಾಗ ಹಾಸಿಗಿ ಹಿಡಿದವರು ಯಾರದಾರ್ರಿ? ನೀವು ಹೇಳಲೇ ಇಲ್ಲ," ಎಂದು ಮೆಲ್ಲಗೆ ಕೇಳಿದರು.

ಸಂಬಂಧ ಮುರಿಯಿತೆಂದೇ ಅನಿಸಿತು. "ನಮ್ಮನ್ಯಾಗ ಯಾರೂ ಇಲ್ರಿ. ಪಾಯಿಂಟ್ ಕೂಡ್ಲಿ ಅಂತ ಓಣಿಗೆಲ್ಲ ನನ್ನ ನಂಬರ್ ಕೊಟ್ಟೇನಿ. ಯಾರು ಏನ್ ಒಯ್ತಾರೋ ನನಗ ಗೊತ್ತಿಲ್ರಿ," ಎಂದೆ.

ಅವರು ಟೊಪ್ಪಿಗೆ ತೆಗೆದು ಬೋಳುತಲೆ ತೋರಿಸಿದರು. "ನಂದೂ ಅದ ಹಣೆಬರಾ ನೋಡ್ರಿ. ಊರ ಮಂದಿ ನನ್ನ ನಂಬರ್ ಹೇಳಿ ಹೇಳಿ, ನನಗ ವಾರಾ ಶಾಂಪೂ ಆಫರ್ ಬರ್ತೈತಿ."

ಇಬ್ಬರೂ ನಕ್ಕೆವು. ಅಲ್ಲೇ ಕಾರ್ಡಿನಿಂದ ನನ್ನ ನಂಬರ್ ತೆಗೆಸಿದೆ. ಆ ಡೈಪರ್ ಓಣಿಯಲ್ಲಿ ಯಾರ ಮನೆಯದೆಂದು ಇಂದಿಗೂ ಕೇಳಿಲ್ಲ. ಈಗ ನನಗಿರುವುದು ನಾನೇ ಕಟ್ಟಿದ ಮನೆ ಒಂದು, ಮಗ ಒಬ್ಬ, ಬಬಲೇಶ್ವರದ ಸೊಸೆ ಒಬ್ಬಳು.